ಎಡದೋಳಿನ ಸುಣ್ಣ-ಬೆಲ್ಲ

ಆ ಗುರುವಾರ ಕಿಣ್ಣಿ ಸುಲ್ತಾನದಲ್ಲಿ ಲಸಿಕೆಯ ದಿನ. ಒಂದೂವರೆ ತಿಂಗಳ ಕೂಸೊಂದು ಬರಲೇ ಇಲ್ಲ. ನಾನು ಆ ಊರಿನ ನರ್ಸ್. ಅದರ ತಾಯಿಗೆ ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಸೂಜಿ ತಪ್ಪಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಲಸಿಕೆ ಡಬ್ಬಿಯನ್ನು ಹೆಗಲಿಗೇರಿಸಿ ಅವರ ಮನೆಗೇ ನುಗ್ಗಿದೆ.

ನನ್ನನ್ನು ಕಂಡವಳೇ ಬಾಣಂತಿ ಕೂಸಿನ ಎಡದೋಳಿನ ಮೇಲೆ ಸೆರಗು ಎಳೆದಳು. ನಾನು ಸರಿಸಿದೆ. ಹುಟ್ಟಿದ ವಾರದಲ್ಲಿ ನಾನೇ ಕ್ಷಯ ತಡೆಯುವ ಬಿಸಿಜಿ ಸೂಜಿ ಹಾಕಿದ್ದ ಜಾಗ. ಅಲ್ಲಿ ಒಣಗಿದ ಸುಣ್ಣ-ಬೆಲ್ಲದ ಮುದ್ದೆ, ಸುತ್ತಲೂ ಸುಟ್ಟು ಕೆಂಪಾದ ಚರ್ಮ. ಕುರು ಒಡೆಯಲೆಂದು ದೊಡ್ಡವರಿಗೆ ಹಚ್ಚುವುದನ್ನು ಹಸಿಗೂಸಿಗೆ ಮೆತ್ತಿದ್ದರು!

"ಬುದ್ಧಿ ಎಲ್ಲಿಟ್ಟೀರಿ? ಯಾರ್ರಿ ಹಚ್ಚಿದವ್ರು?"

"ನಾನೇ ಹಚ್ಚೀನಿ," ಅಂದಳು ಮೂಲೆಯಲ್ಲಿದ್ದ ಅಜ್ಜಿ. "ಕೀವಾಗಿತ್ತು."

"ಕೀವು ಆಗೋದೇ, ಆಯಿ! ಸಣ್ಣ ಗುಳ್ಳಿ ಏಳ್ತದ, ಒಡೀತದ, ಹಕ್ಕಳಿ ಕಟ್ತದ, ಕಲಿ ಉಳೀತದ. ಹಿಚುಕಬಾರ್ದು, ಏನೂ ಹಚ್ಚಬಾರ್ದು, ಪಟ್ಟಿ ಕಟ್ಟಬಾರ್ದು. ನೀರಿಲೆ ತೊಳೆದು, ಒಣಗಿಸಿ, ಸಡ್ಲ ಅಂಗಿ ಹಾಕಿದ್ರ ತಾನೇ ಮಾಯ್ತದ. ಕಂಕುಳಾಗ ಗಂಟು ದೊಡ್ಡದಾದ್ರ ಅಷ್ಟ ತೋರಿಸ್ಬೇಕು!"

"ಇದನ್ನ ಅವತ್ತೇ ಹೇಳಬೇಕಿತ್ತಲ್ರಿ," ಅಂದಳು ಬಾಣಂತಿ, ಮೆಲ್ಲಗೆ.

ಹೇಳಿರಲಿಲ್ಲ. ಅವತ್ತು ಕಡಗಂಚಿಯಲ್ಲಿ ಮೀಟಿಂಗ್ ಇತ್ತು. "ಜ್ವರ ಬಂದ್ರ ತರ್ರಿ" ಎಂದಷ್ಟೇ ಹೇಳಿ ಗಾಡಿ ಹತ್ತಿದ್ದೆ. ನೆನಪಾಯಿತು, ಆದರೂ ಸಿಟ್ಟು ಇಳಿಯಲಿಲ್ಲ. ತಪ್ಪು ನನ್ನದೆಂದು ಗೊತ್ತಾದ ಮೇಲೆ ಇನ್ನೂ ಜೋರಾಗಿ ಕೂಗಿದೆ.

"ಹೇಳ್ಲಿಲ್ಲ ಅಂದ್ರ ಕೇಳಾಕ ಬಾಯಿಲ್ಲೇನು? ಫೋನ್ ಯಾಕ ಎತ್ತಲಿಲ್ಲ? ಇದನ್ನ ಯಾಕ ಮುಚ್ಚಿಟ್ರಿ?"

ಅಜ್ಜಿ ಕೂಸನ್ನು ತೊಡೆಗೆ ಹಾಕಿಕೊಂಡಳು. "ನೀ ಸೂಜಿ ತಪ್ಪಿ ಚುಚ್ಚೀದಿ ಅನ್ಕೊಂಡಿವಿ, ಯವ್ವಾ. ಹೊರಗ ಗೊತ್ತಾದ್ರ ಮಂದಿ ನಿನ್ನ ಮ್ಯಾಲ ಬೀಳ್ತಾರ, ಸಾಹೇಬ್ರು ನೌಕರಿಯಿಂದ ತೆಗೀತಾರ ಅಂತ ಯಾರಿಗೂ ತೋರಿಸ್ಲಿಲ್ಲ. ನಿನಗೂ ಮಕ್ಕಳದಾವಲ್ಲ."

ಹೆಗಲಿನ ಡಬ್ಬಿ ಇಳಿಸಿದೆ. ತೋಳು ತೊಳೆಯಲು ನೀರು ಕೇಳಿದೆ. ಇವತ್ತಿನ ಸೂಜಿ ಹಾಕಲೇ ಎಂದು ಕೇಳಿದಾಗ ಅಜ್ಜಿಯೇ ಕೂಸಿನ ಕಾಲು ಹಿಡಿದಳು.

ಆಮೇಲೆ ಸುಟ್ಟ ಚರ್ಮ ತೋರಿಸಲು ತಾಯಿ-ಕೂಸನ್ನು ನನ್ನ ಗಾಡಿಯಲ್ಲೇ ಆಳಂದದ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ತೋಳು ನೋಡಿ ಸಿಡಿದರು. "ಇಷ್ಟೂ ತಿಳಿಯಂಗಿಲ್ಲೇನು ನಿಮಗ?" ಎಂದು ಬಾಣಂತಿಯ ಮೇಲೆ ಹರಿಹಾಯ್ದರು. ಅವಳು ತಲೆ ತಗ್ಗಿಸಿದಳು. ಆಗಲೂ ನನ್ನ ಹೆಸರು ಎತ್ತಲಿಲ್ಲ.

"ಅಕಿಗಿ ಬೈಬ್ಯಾಡ್ರಿ ಸರ್," ಅಂದೆ. "ನಾ ಹೇಳಿರಲಿಲ್ಲ."