ಉಸಿರು ಹಿಡಿಯುವ ಗಂಡ

ನಮ್ಮ ಊಟದ ಟೇಬಲ್ಲಿನ ಮೇಲೆ ಊಟ ಮಾಡಿ ಒಂದು ವಾರದ ಮೇಲಾಗಿತ್ತು. ಅಲ್ಲಿ ಹ್ಯೂರಾನ್ ಸರೋವರ ಮೈಚಾಚಿ ಮಲಗಿತ್ತು. ನಕ್ಷೆ ಸುರುಳಿ ಸುತ್ತಿಕೊಳ್ಳದಂತೆ ಅದರ ಮೂಲೆಗಳ ಮೇಲೆ ನನ್ನ ಬೇಳೆ ಡಬ್ಬ, ಸಾರಿನಪುಡಿ ಡಬ್ಬ, ಕಾಫಿಪುಡಿ ಡಬ್ಬ ಹೇರಿದ್ದರು. ಅಡುಗೆಗೆಂದು ನಾನು ಒಂದು ಡಬ್ಬ ಎತ್ತಿದರೆ ಸಾಕು, ನಮ್ಮವರು ಹಾಲ್‌ನಿಂದಲೇ "ಏ, ಆ ಡಬ್ಬಿ ಅಲ್ಲೇ ಇಡು" ಅನ್ನುತ್ತಿದ್ದರು. ಸಾರಿಗೆ ಪುಡಿ ಬೇಕಾದರೂ ಸರೋವರದ ಅಪ್ಪಣೆ ಕೇಳಬೇಕಾದ ಕಾಲ ಬಂದಿತ್ತು.

ಆಗ ಎಪ್ಪತ್ತರ ದಶಕ ಇನ್ನೂ ಹೊಸದು. ನಮ್ಮವರಿಗೆ ಅಮೆರಿಕದ ಡಿಯರ್‌ಬಾರ್ನಿನಲ್ಲಿ ಕೆಲಸ. ಕಾರಿನ ಬಾಗಿಲಿನ ಕೀಲು, ಚಿಲಕಗಳ ಡ್ರಾಯಿಂಗ್ ಬರೆಯುವ ಇಂಜಿನಿಯರು. ಬಾಗಲಕೋಟೆ ಕಡೆಯವರು. ನಾನು ಮೈಸೂರಿನವಳು, ನಲ್ಲಿ ನೀರು ಕುಡಿದು ಬೆಳೆದವಳು. ಅವರೋ ಬಾವಿಯಲ್ಲಿ ಬಿದ್ದು ಎದ್ದು ಬೆಳೆದವರು. ಅವರ ಊರಿನ ಕಲ್ಲುಬಾವಿಯಲ್ಲಿ ಬೇಸಿಗೆ ಬಂದರೆ ಹುಡುಗರೆಲ್ಲ ಮುಳುಗುತ್ತಿದ್ದರಂತೆ. ಹೆಚ್ಚು ಹೊತ್ತು ಕೆಳಗಿದ್ದವನೇ ಆ ದಿನದ ರಾಜ. ನಮ್ಮವರೇ ಯಾವಾಗಲೂ ರಾಜ. ತಳದ ಕೆಸರಿನ ಒಂದು ಹಿಡಿ ತಂದು ತೋರಿಸಬೇಕಿತ್ತು, ಸುಳ್ಳು ಹೇಳಿದರೆ ನಡೆಯುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನನಗೆ ಈ ಕತೆ ಎಷ್ಟು ಸಲ ಹೇಳಿದ್ದರೆಂದರೆ, ಆ ಬಾವಿಯ ಮೆಟ್ಟಿಲಲ್ಲಿ ನಾನೇ ಜಾರಿ ಬಿದ್ದಿದ್ದೇನೋ ಅನ್ನಿಸುತ್ತಿತ್ತು.

ಡಿಯರ್‌ಬಾರ್ನಿನಲ್ಲಿ ಅವರು ಈಜುತ್ತಾರೆ ಅಂತ ಯಾರಿಗೂ ಗೊತ್ತಿರಲಿಲ್ಲ. ಚಿಲಕ ಬರೆಯುವ ಸಪ್ಪೆ ಮನುಷ್ಯ, ಮಧ್ಯಾಹ್ನ ಡಬ್ಬಿ ತೆಗೆದರೆ ಮೊಸರನ್ನದ ವಾಸನೆ, ಅಷ್ಟೇ. ಆಫೀಸಿನಲ್ಲಿ ಪಕ್ಕದ ಟೇಬಲ್ಲಿನ ಅಮೆರಿಕನ್ ಗೆಳೆಯನೊಬ್ಬ ನೀರಿನೊಳಗೆ ಹೋಗುವ ಹುಚ್ಚಿನವನು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ನಳಿಗೆ ಕಚ್ಚಿಕೊಂಡು ಸರೋವರದ ತಳಕ್ಕೆ ಇಳಿಯುವವನು. ಅವನು ನಮ್ಮವರನ್ನು ಈಜುಕೊಳದ ಕ್ಲಾಸಿಗೆ ಸೇರಿಸಿದ. ಅಲ್ಲಿ ನಮ್ಮವರೇ ಎಲ್ಲರಿಗಿಂತ ಮುಂದಂತೆ. ಕಲಿಸುವವನು ಬೆನ್ನು ತಟ್ಟಿದನಂತೆ. ಆ ದಿನ ಮನೆಗೆ ಬಂದವರು ಬಾಗಿಲಲ್ಲೇ ನಿಂತು, ಕೂದಲಲ್ಲಿ ಕ್ಲೋರಿನ್ ವಾಸನೆ ಹೊಡೆಯುತ್ತಿರುವಾಗಲೇ ಎಲ್ಲ ಹೇಳಿ ಮುಗಿಸಿದರು. ಅಷ್ಟು ಖುಷಿಯಾಗಿ ಅವರನ್ನು ನಾನು ಈ ದೇಶದಲ್ಲಿ ನೋಡಿರಲಿಲ್ಲ.

ಮುಂದಿನ ಹೆಜ್ಜೆ ಈ ನಕ್ಷೆ. ಹ್ಯೂರಾನ್ ಸರೋವರದಲ್ಲಿ, ದಡದಿಂದ ದೋಣಿಯಲ್ಲಿ ಹೋಗುವಷ್ಟು ದೂರದಲ್ಲಿ, ನೀರೊಳಗೆ ಸುಣ್ಣಕಲ್ಲಿನ ಒಂದು ದೊಡ್ಡ ದಿಬ್ಬ. ಗೆಳೆಯನೂ ನಮ್ಮವರೂ ಅದಕ್ಕೆ ರೀಫ್ ಅನ್ನುತ್ತಿದ್ದರು. ಕೇಳಿದ ಕೂಡಲೆ ನನಗೆ ಕೆಂಪು ಹವಳ, ಪಟ್ಟೆ ಪಟ್ಟೆ ಮೀನು ಎಲ್ಲ ಕಣ್ಣಿಗೆ ಕಟ್ಟಿದವು.

"ಅದೆಲ್ಲ ಬಿಸಿ ಸಮುದ್ರದಾಗ," ಅಂದರು ನಮ್ಮವರು. "ಇಲ್ಲೆ ಬರೇ ಕಲ್ಲು. ಕಲ್ಲಿನ ಸಂದ್ಯಾಗ ಮೀನ. ನೀರು ಐಸ್‌ನಂಗ ಥಂಡಿ."

"ಕಲ್ಲು ನೋಡೋದಕ್ಕೆ ಅಷ್ಟು ದೂರ ಯಾಕೆ? ನಿಮ್ಮೂರಲ್ಲಿ ಕಲ್ಲು ಬಿಟ್ಟು ಇನ್ನೇನಿದೆ?"

ಅವರು ನಕ್ಕರು, ಎದುರು ಕೂತಿದ್ದ ಗೆಳೆಯನಿಗೆ ಇಂಗ್ಲಿಷಿನಲ್ಲಿ ಹೇಳಿದರು, ಅವನೂ ನಕ್ಕ. ನಾನು ಕಾಫಿ ಇಟ್ಟು ಒಳಗೆ ಹೋದೆ.

ಸಂಜೆ ಸಂಜೆ ಇಬ್ಬರೂ ಕೂತು ಪ್ಲ್ಯಾನ್ ಮಾಡುತ್ತಿದ್ದರು. ಎಷ್ಟು ಆಳ, ಎಷ್ಟು ಹೊತ್ತು, ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಾಗ ವಾಪಸು ತಿರುಗಬೇಕು, ಒಬ್ಬರಿಗೊಬ್ಬರು ಕಾಣದೆ ಹೋದರೆ ಏನು ಮಾಡಬೇಕು. ಲೆಕ್ಕ ಹಾಕುವ ಸ್ಲೈಡ್ ರೂಲ್ ಪಟ್ಟಿ ಆಕಡೆ ಈಕಡೆ ಸರಿಯುತ್ತಿತ್ತು. ನಮ್ಮ ಮದುವೆಗೂ ಯಾರೂ ಇಷ್ಟು ಪ್ಲ್ಯಾನ್ ಮಾಡಿರಲಿಲ್ಲ. ಬಾಡಿಗೆಗೆ ತಂದ ರಬ್ಬರ್ ಉಡುಪು ನಮ್ಮ ಬಾತ್‌ರೂಮಿನಲ್ಲಿ ತಲೆಯಿಲ್ಲದ ಮನುಷ್ಯನ ಹಾಗೆ ನೇತಾಡುತ್ತಿತ್ತು. ಅದನ್ನು ಹಾಕಿಕೊಳ್ಳುವಾಗ ಮೈಗೆ ಜಾರಲಿ ಅಂತ ನನ್ನ ಮುಸುಕಿನ ಜೋಳದ ಹಿಟ್ಟಿನ ಡಬ್ಬವೂ ಹೋಯಿತು. ನಾನು ಗೊಣಗಿದೆನೇ ಹೊರತು ನಿಜವಾಗಿ ನನಗೆ ಬೇಸರವಿರಲಿಲ್ಲ. ಗಂಡ ಸಂತೋಷವಾಗಿದ್ದಾರೆ, ಇರಲಿ ಬಿಡು ಅಂದುಕೊಂಡಿದ್ದೆ.

ಒಂದು ಸಂಜೆ ಪಕೋಡ ತಂದಿಡುವಾಗ ಗೆಳೆಯನನ್ನು ಸುಮ್ಮನೆ ಮಾತಿಗೆ ಕೇಳಿದೆ: ಕೆಳಗೆ ಹೋದವರು ಮಾಡಲೇಬಾರದ ಕೆಲಸ ಯಾವುದು? ಮೊಸಳೆಯ ಹತ್ತಿರ ಹೋಗಬಾರದು, ಸುಳಿಗೆ ಸಿಗಬಾರದು ಅನ್ನುತ್ತಾನೇನೋ ಅಂದುಕೊಂಡಿದ್ದೆ. ಅವನು ಯೋಚನೆಯನ್ನೂ ಮಾಡದೆ ಹೇಳಿದ: ಉಸಿರು ಹಿಡಿಯಬಾರದು. ಬೇರೆ ಏನು ಮರೆತರೂ ಆದೀತು, ಇದೊಂದು ಮರೆಯಬಾರದು. ಕೆಳಗೆ ತುಂಬಿಕೊಂಡ ಗಾಳಿ ಮೇಲೆ ಬರಬರುತ್ತ ಉಬ್ಬುತ್ತೆ. ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಶ್ವಾಸಕೋಶ ಒಡೆದುಹೋಗುತ್ತೆ.

ಥಟ್ಟನೆ ನಮ್ಮವರ ಕಡೆ ನೋಡಿದೆ. ಅವರು ತಲೆಯಾಡಿಸುತ್ತ ಪಕೋಡ ತಿನ್ನುತ್ತಿದ್ದರು, ಬೇರೆ ಯಾರದೋ ವಿಷಯ ಅನ್ನುವ ಹಾಗೆ.

ಆದರೆ ಈ ಮನುಷ್ಯ ಹೆದರಿದಾಗಲೆಲ್ಲ ಉಸಿರು ಹಿಡಿಯುತ್ತಾರೆ. ಅದು ನನಗೊಬ್ಬಳಿಗೆ ಗೊತ್ತು. ಫ್ರೀವೇ ಅನ್ನುವ ಹೆದ್ದಾರಿಗೆ ಹತ್ತುವ ದಾರಿಯಲ್ಲಿ ಎಡಗಡೆಯಿಂದ ಲಾರಿಗಳು ನುಗ್ಗಿ ಬರುವಾಗ ಅವರ ತುಟಿ ಬಿಗಿದುಕೊಳ್ಳುತ್ತೆ, ಎದೆ ಉಬ್ಬಿ ನಿಲ್ಲುತ್ತೆ, ಕತ್ತಿನ ನರ ಎದ್ದು ಕಾಣುತ್ತೆ. ಲೇನಿಗೆ ಸೇರಿಕೊಂಡ ಮೇಲೆ ಬುಸ್ಸೆಂದು ಬಿಡುತ್ತಾರೆ. ಊರಿಂದ ಟೆಲಿಗ್ರಾಂ ಬಂದಾಗಲೂ ಹಾಗೆಯೇ, ಅದನ್ನು ಒಡೆದು ಓದಿ ಮುಗಿಸುವವರೆಗೆ ಉಸಿರಿಲ್ಲ. ನನ್ನ ಕಾಲಿಗೆ ಗಾಜು ಚುಚ್ಚಿದಾಗ ಪಿನ್ನಿನಿಂದ ತೆಗೆದರಲ್ಲ, ನೋವು ನನಗೆ, ಉಸಿರು ಕಟ್ಟಿದ್ದು ಅವರಿಗೆ. ಬಾವಿ ಕಲಿಸಿದ ಪಾಠ ಅದು. ಅಲ್ಲಿ ಉಸಿರು ಬಿಟ್ಟವನು ಸೋತ, ಹಿಡಿದವನು ಗೆದ್ದ. ಈಜುಕೊಳದಲ್ಲಿ ಅವರಿಗೆ ಹೆದರಿಕೆಯೇ ಆಗಿರಲಿಲ್ಲ, ಹಾಗಾಗಿ ಕಲಿಸುವವನಿಗೆ ಇದು ಕಂಡಿರಲೂ ಇಲ್ಲ.

ಗೆಳೆಯ ಹೋದ ಮೇಲೆ ಬಾಯಿಬಿಟ್ಟೆ.

"ರೀ, ನೀವು ಉಸಿರು ಹಿಡ್ಕೋತೀರಿ."

"ನಾನಾ? ಯಾವಾಗ?"

"ಹೆದರಿಕೆ ಆದಾಗ."

"ನಾ ಯಾವಾಗ ಅಂಜೇನಿ?"

ಅಲ್ಲಿಗೆ ಮುಗಿಯಿತು. ನಾನು ಫ್ರೀವೇ ಅಂದೆ, ಟೆಲಿಗ್ರಾಂ ಅಂದೆ. "ನನ್ನ ಮೂಗು ನೋಡ್ಕೋತ ಕುಂಡ್ರೂದೇ ನಿನ್ನ ಕೆಲಸೇನು?" ಅಂದು ಟಿವಿ ಹಾಕಿದರು. ಮಾರನೆಯ ದಿನ ಅಂಗಡಿಗೆ ಹೊರಟಾಗ ಫ್ರೀವೇ ಹತ್ತುವ ಕಡೆ ಬೇಕೆಂದೇ ಅವರ ಎದೆಯನ್ನೇ ನೋಡುತ್ತ ಕೂತೆ. ಹಿಡಿದರು. "ನೋಡಿ, ಈಗ, ಈಗ ಬಿಡಿ," ಅಂದೆ. ಅವರು ಬಿಡಲಿಲ್ಲ, ನನ್ನ ಮೇಲೆ ರೇಗಿದರು. ಡ್ರೈವ್ ಮಾಡುವಾಗ ಮಾತಾಡಬೇಡ ಅಂದರು. ಆ ಮನುಷ್ಯನಿಗೆ ನಿಜಕ್ಕೂ ತಿಳಿಯುತ್ತಿರಲಿಲ್ಲ. ನಾವು ಕಣ್ಣು ಮಿಟುಕಿಸುವುದು ನಮಗೆ ತಿಳಿಯುತ್ತದೆಯೇ?

ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಒಗ್ಗರಣೆ ಸೀಯಿಸಿದೆ. ಮಡಿಸಿದ ಬಟ್ಟೆಯನ್ನೇ ಮತ್ತೆ ಮಡಿಸಿದೆ. ಬಾತ್‌ರೂಮಿಗೆ ಹೋದರೆ ಆ ಕರಿಯ ಉಡುಪು. ಅದಕ್ಕೆ ಬೆನ್ನು ತಿರುಗಿಸಿ ಹಲ್ಲುಜ್ಜುತ್ತಿದ್ದೆ. ಹೋಗಬೇಡಿ ಅಂತ ಹಟ ಹಿಡಿಯಬಹುದಿತ್ತು, ಅತ್ತು ಕರೆದು ರಂಪ ಮಾಡಿದ್ದರೆ ಬಹುಶಃ ನಿಲ್ಲುತ್ತಿದ್ದರು. ಆದರೆ ಆ ಕ್ಲೋರಿನ್ ವಾಸನೆಯ ದಿನದ ಮುಖ ನೆನಪಾದರೆ ಬಾಯಿ ಬರುತ್ತಿರಲಿಲ್ಲ. ಮತ್ತೆ ಚಿಲಕ ಬರೆಯುತ್ತ ಮೊಸರನ್ನ ತಿನ್ನುವ ಸಪ್ಪೆ ಮನುಷ್ಯನನ್ನಾಗಿ ಮಾಡಲು ನನಗೆ ಮನಸ್ಸಿರಲಿಲ್ಲ. ಆದರೆ ಅವರು ಜೀವಂತ ವಾಪಸು ಬರಬೇಕಿತ್ತು.

ಹತ್ತಿರದ ನಾರ್ತ್‌ವಿಲ್‌ನಲ್ಲಿ ಬೆಂಗಳೂರಿನ ಡಾಕ್ಟರೊಬ್ಬರ ಮನೆಯಿತ್ತು. ನಮ್ಮ ಕಷ್ಟಸುಖಕ್ಕೆಲ್ಲ ಆ ಮನೆಯ ಆಂಟಿಯೇ ದಿಕ್ಕು. ಫೋನ್ ಮಾಡಿ ಎಲ್ಲ ಹೇಳಿದೆ. ಆಂಟಿ ಆ ಕಡೆ ಪೇಪರ್ ಓದುತ್ತಿದ್ದ ಡಾಕ್ಟರ್ ಅಂಕಲ್‌ನ ಕೇಳಿದರು. ಅಂಕಲ್ ಏನೋ ಅಂದದ್ದು ಕೇಳಿಸಿತು.

"ನಿಜ ಅಂತಮ್ಮ," ಅಂದರು ಆಂಟಿ. "ಒಡೆದ್ರೆ ಆಸ್ಪತ್ರೆಗೆ ತರೋಷ್ಟು ಟೈಮ್ ಕೂಡ ಇರಲ್ಲ ಅಂತಾರೆ."

"ಆ ಫ್ರೆಂಡ್‌ಗೆ ಹೇಳಿಬಿಡ್ಲಾ ಆಂಟಿ?"

"ಏನಂತ ಹೇಳ್ತೀಯ? ನನ್ನ ಗಂಡ ಪುಕ್ಕಲ ಅಂತಾನಾ? ನಾಳೆ ಆಫೀಸಲ್ಲಿ ಅವರು ತಲೆ ಎತ್ತಿ ಓಡಾಡ್ಬೇಡ್ವಾ? ಹೊರಗಿನೋರ ಹತ್ರ ಮನೆ ವಿಷಯ ಆಡ್ಬೇಡ. ನೀನೇ ನಯವಾಗಿ ಹೇಳು."

ನಯವಾಗಿ ಹೇಳುವುದು ನನ್ನ ಜಾಯಮಾನದಲ್ಲೇ ಇಲ್ಲ. ಆದರೂ ಆಂಟಿ ಹೇಳಿದ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನಮ್ಮ ಕಡೆ ಗಂಡನ ಹುಳುಕನ್ನು ಹೆಂಡತಿ ತವರಿನಲ್ಲೂ ಆಡುವುದಿಲ್ಲ. ಅದರಲ್ಲೂ ಆ ದೇಶದಲ್ಲಿ ನಾವು ಕನ್ನಡದವರು ಎಷ್ಟು ಜನ? ಒಬ್ಬರ ಮರ್ಯಾದೆ ಹೋದರೆ ಎಲ್ಲರದೂ ಹೋದ ಹಾಗಿರುತ್ತಿತ್ತು. ನಮ್ಮವರಿಗೆ ಗೊತ್ತಾದರೆ ನನ್ನನ್ನು ಜನ್ಮದಲ್ಲಿ ನಂಬುತ್ತಾರೆಯೇ ಅಂತ ಒಂದು ಕಡೆ. ಗೊತ್ತಾಗಲು ಅವರು ಇರಬೇಕಲ್ಲ ಅಂತ ಇನ್ನೊಂದು ಕಡೆ.

ಹೊರಡುವ ಹಿಂದಿನ ಸಂಜೆ ಗೆಳೆಯ ಸಿಲಿಂಡರುಗಳನ್ನು ತುಂಬಿಸಿಕೊಂಡು ಬಂದ. ನಮ್ಮವರು ಉಡುಪು ಹೆಗಲಿಗೆ ಹಾಕಿಕೊಂಡು ಕಾರಿನ ಟ್ರಂಕಿಗೆ ಇಡಲು ಕೆಳಗೆ ಹೋದರು. ಗೆಳೆಯ ಟೇಬಲ್ಲಿನ ಬಳಿ ನಕ್ಷೆ ಸುತ್ತುತ್ತ ನಿಂತಿದ್ದ. ಮೆಟ್ಟಿಲಿನ ಮೇಲೆ ನಮ್ಮವರ ಚಪ್ಪಲಿ ಸದ್ದು ಇನ್ನೂ ಕೇಳಿಸುತ್ತಿತ್ತು. ನನ್ನ ಇಂಗ್ಲಿಷ್ ಕಾಲೇಜಿನಲ್ಲಿ ಕಲಿತದ್ದು, ತಪ್ಪಿಲ್ಲದೆ ಬರುತ್ತಿತ್ತು. ಆ ಹೊತ್ತಿಗೆ ಮಾತ್ರ ಒಂದೊಂದೇ ಪದ ಹುಡುಕಿ ಹೇಳಬೇಕಾಯಿತು.

ಅವರು ಭಯವಾದಾಗ ಉಸಿರು ಹಿಡಿಯುತ್ತಾರೆ, ಅದು ಅವರಿಗೇ ಗೊತ್ತಾಗುವುದಿಲ್ಲ ಅಂದೆ.

ಗೆಳೆಯ ನಕ್ಷೆ ಸುತ್ತುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ ಗೇಲಿ ಇರಲಿಲ್ಲ. "ಅವನಿಗೆ ಭಯವಾಗುತ್ತಾ?" ಅಂತ ಕೇಳಿದ. ಅವನು ಕಂಡ ನಮ್ಮವರಿಗೆ ಭಯ ಅನ್ನುವುದೇ ಇರಲಿಲ್ಲ.

"ಆಗುತ್ತೆ," ಅಂದೆ. ಅಷ್ಟು ಹೇಳುವುದು ನನಗೆ ಬಹಳ ಕಷ್ಟವಾಯಿತು. ನಾನು ಹೇಳಿದೆ ಅಂತ ಅವರಿಗೆ ತಿಳಿಯಬಾರದು ಅಂತಲೂ ಸೇರಿಸಿದೆ. ಅವನು ತಲೆಯಾಡಿಸಿದ. ನಮ್ಮವರು ವಾಪಸು ಬಂದಾಗ ಅವನು ಪ್ಲ್ಯಾನಿನಲ್ಲಿ ಸ್ವಲ್ಪ ಬದಲಾವಣೆ ಅಂದ. ಮೊದಲು ಅಂದುಕೊಂಡಷ್ಟು ಆಳ ಬೇಡ, ದಿಬ್ಬದ ನೆತ್ತಿಯ ಮೇಲೆಯೇ ಇರೋಣ, ಉದ್ದಕ್ಕೂ ಕೈಗೆ ಸಿಗುವಷ್ಟು ಹತ್ತಿರ ಇರೋಣ. ನಮ್ಮವರಿಗೆ ಸಿಟ್ಟು ಬಂದದ್ದು ನನಗೆ ಕಾಣುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ, "ಕಡೀ ಗಳಿಗ್ಯಾಗ ಎಲ್ಲಾ ಬದಲಿ ಮಾಡ್ತಾನ. ಏನಾಗೇತೋ ಇವಗ," ಅಂದರು. ನಾನು ಅವರ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದೆ.

ಬೆಳಿಗ್ಗೆ ನಾನೂ ಹೋದೆ. ಆಗಸ್ಟಿನ ಬಿಸಿಲು, ನೀರು ಹೊಳೆಯುತ್ತಿತ್ತು. ದೋಣಿಯ ಮುದುಕ ದಿಬ್ಬದ ಮೇಲೆ ಲಂಗರು ಹಾಕಿ, ಥರ್ಮಾಸಿನಿಂದ ಕಾಫಿ ಬಗ್ಗಿಸಿಕೊಂಡು ಕೂತ. ಇಬ್ಬರೂ ಹಿಮ್ಮುಖವಾಗಿ ನೀರಿಗೆ ಬಿದ್ದರು, ಕೈಯೆತ್ತಿ ತೋರಿಸಿದರು, ಮುಳುಗಿದರು. ಆಮೇಲೆ ಗುಳ್ಳೆಗಳು ಮಾತ್ರ. ಹತ್ತಿರ ಹತ್ತಿರ ಎರಡು ಸಾಲು ಗುಳ್ಳೆ ಏಳುತ್ತಿದ್ದವು, ಯಾವುದು ನಮ್ಮವರದು ಅಂತ ನನಗೆ ಹೇಗೆ ಗೊತ್ತಾಗಬೇಕು? ಎರಡನ್ನೂ ನೋಡುತ್ತ ದೋಣಿಯ ಈ ಅಂಚಿಂದ ಆ ಅಂಚಿಗೆ ಓಡಾಡಿದೆ. ದೋಣಿ ಅಲ್ಲಾಡುತ್ತೆ, ಕೂತುಕೋ ಅಂದ ಮುದುಕ. ಕೂರಲಿಲ್ಲ.

ಒಂದು ಸಾಲಿನ ಗುಳ್ಳೆ ನಿಂತಿತು.

ಮುದುಕನನ್ನು ಕರೆದು ತೋರಿಸಿದೆ. ಅವನು ಕಾಫಿ ಕೆಳಗಿಟ್ಟು ಎದ್ದು ನಿಂತ. ಅವನು ಎದ್ದದ್ದು ನೋಡಿ ನಾನು ದೋಣಿಯ ಅಂಚು ಹಿಡಿದು ನೀರಿನ ಮೇಲೆ ಬಾಗಿದೆ. ಮನೆದೇವರಿಗೆ ಏನೇನು ಹರಕೆ ಹೊತ್ತೆನೋ, ಆಮೇಲೆ ಒಂದೂ ನೆನಪಾಗಲಿಲ್ಲ. ಆಗ ಇದ್ದಕ್ಕಿದ್ದ ಹಾಗೆ ದೊಡ್ಡ ಗುಳ್ಳೆಗಳ ರಾಶಿ ಉಕ್ಕಿ ಬಂತು. ಅದರ ಹಿಂದೆಯೇ ಎರಡು ಕರಿಯ ತಲೆಗಳು. ಗೆಳೆಯನ ಕೈ ನಮ್ಮವರ ಎದೆಪಟ್ಟಿಯನ್ನು ಭದ್ರವಾಗಿ ಹಿಡಿದಿತ್ತು. ನಮ್ಮವರು ಬಾಯಿಯ ನಳಿಗೆ ಕಿತ್ತು ಕೆಮ್ಮಿದರು, ಮತ್ತೆ ಮತ್ತೆ ಉಸಿರಾಡಿದರು. ತುಟಿ ನೀಲಿಗಟ್ಟಿತ್ತು. ಏನಾಯಿತು ಅಂತ ಇಬ್ಬರೂ ಹೇಳಲಿಲ್ಲ. ಗೆಳೆಯ ನನ್ನ ಮುಖ ನೋಡದೆ ಸಿಲಿಂಡರಿನ ಪಟ್ಟಿ ಬಿಚ್ಚತೊಡಗಿದ. ನಾನು ಟವೆಲ್ ಕೊಟ್ಟೆ.

ಗೆಳೆಯ ತನ್ನ ಕಾರಿನಲ್ಲಿ ಹೋದ. ನಾವು ನಮ್ಮ ಕಾರಿನಲ್ಲಿ ಹೊರಟೆವು. ಎರಡೂ ಕಡೆ ಮುಸುಕಿನ ಜೋಳದ ಹೊಲ. ಡ್ರೈವ್ ಮಾಡುತ್ತಲೇ ನಮ್ಮವರು ಹೊಟ್ಟೆಯ ಮೇಲೆ ಆಗಾಗ ಕೈಯಿಟ್ಟು ಸವರಿಕೊಳ್ಳುತ್ತಿದ್ದರು. ಎಷ್ಟೋ ಮೈಲಿ ಆದ ಮೇಲೆ ಅವರೇ ಮಾತು ಶುರು ಮಾಡಿದರು.

"ಮ್ಯಾಲೆ ನೀರು ಬೆಚ್ಚಗಿತ್ತು. ಕೆಳಗ ಹೋದಂಗ ಒಮ್ಮೆಲೆ ಥಂಡಿ. ಮುಖಕ್ಕ ಹೊಡದಂಗಾತು. ಕಣ್ಣಿನ ಗಾಜಿನ ಒಳಗ ನೀರು ಬಂತು. ಏನೂ ಕಾಣವಲ್ದು. ಎಲ್ಲಾ ಮರತು ಮ್ಯಾಲೆ ಹೊಂಟುಬಿಟ್ಟೆ."

ಗಾಳಿಯ ಸದ್ದಿಗೆ ಮಾತು ಕೇಳಿಸದೇನೋ ಅಂತ ನಾನು ಕಿಟಕಿಯ ಗಾಜು ಏರಿಸಿದೆ.

"ಅವ ಕಾಲು ಹಿಡದು ಜಗ್ಗಿದ. ಎದುರಿಗೆ ಬಂದು ಮುಖ ನೋಡಿದ. ನೋಡಿದವನೇ ಹೊಟ್ಟಿಗೆ ಗುದ್ದಿದ. ಇವಗ ಹುಚ್ಚು ಹಿಡೀತೇನು ಅನಸ್ತು. ಮತ್ತೊಮ್ಮೆ ಗುದ್ದಿದ. ಒಳಗ ಹಿಡದಿಟ್ಟ ಗಾಳಿ ಎಲ್ಲಾ ಹೊರಗ ಬಂತು. ಆವಾಗ ತಿಳೀತು ನನಗ."

"ಏನು ತಿಳೀತು?"

"ನೀ ಅವಗ ಹೇಳಿದ್ದಿ ಅಂತ."

ನಾನು ತಿರುಗಿ ನೋಡಿದೆ. ಅವರು ರಸ್ತೆಯಿಂದ ಕಣ್ಣು ತೆಗೆದಿರಲಿಲ್ಲ.

"ಸಿಟ್ಟು ಬಂತಾ?" ಅಂತ ಕೇಳಿದೆ.

"ಮೊದಲ ಉಸಿರು ಬಂತು," ಅಂದರು. "ಸಿಟ್ಟು ಆಮ್ಯಾಲೆ ಬಂತು. ಇನ್ನೂ ಐತಿ."