ರತ್ನಕ್ಕನ ಮನೆಯ ಹುಣಸೆಹಣ್ಣು

ಹೋದ ವಾರ ಬೆಳಿಗ್ಗೆ ನಮ್ಮ ಬೀದಿಗೆ ಹುಣಸೆಹಣ್ಣಿನ ಗಾಡಿ ಬಂತು. ಮೊದಲೆಲ್ಲ ತಲೆಯ ಮೇಲೆ ಮಂಕರಿ ಹೊತ್ತು ಮಾರುತ್ತಿದ್ದರು; ಈಗ ಟೆಂಪೊ, ಅದರ ನೆತ್ತಿಗೊಂದು ಮೈಕು. "ಓಡಿಲ್ಲ, ನಾರಿಲ್ಲ, ಬೀಜ ಇಲ್ಲ, ಹೊಸಾ ಹುಣಸೇಹಣ್ಣೂ" ಎಂದು ರೆಕಾರ್ಡು ಮಾಡಿಟ್ಟ ದನಿ ಬೀದಿಯ ಉದ್ದಕ್ಕೂ ಕೂಗಿಕೊಂಡು ಹೋಗುತ್ತಿತ್ತು. ನಾನು ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಬಗ್ಗಿದ ಸೊಂಟವನ್ನು ಒಂದೇ ಸಲಕ್ಕೆ ನೆಟ್ಟಗೆ ಮಾಡಲಾಗದೆ, ಕಂಬ ಹಿಡಿದು ಕಂತು ಕಂತಿನಲ್ಲಿ ಮೇಲೇಳುತ್ತಿದ್ದೆ. ಆ ಕೂಗು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇದನ್ನೇ ನಾಲ್ಕು ಕೇಜಿ ತೂಗಿಸಿಕೊಂಡು ಜಾಡಿಗೆ ತುಂಬಿದರಾಯಿತು, ಈ ವರ್ಷಕ್ಕೆ ನನ್ನ ಸೊಂಟ ಬದುಕಿಕೊಂಡಿತು ಅಂದುಕೊಂಡೆ.

ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಈಚೀಚೆಗೆ ನನಗೆ ಬೆಳಿಗ್ಗೆ ಏಳುವಾಗಲೇ ಸುಸ್ತು. ರಾತ್ರಿಯೆಲ್ಲ ಮಲಗಿದ್ದೆನೋ, ಯಾರದೋ ಮನೆಯ ಮದುವೆಗೆ ಪಾತ್ರೆ ತೊಳೆದು ಬಂದೆನೋ ಗೊತ್ತಾಗುವುದಿಲ್ಲ. ಅದರಲ್ಲೂ ಶಿವರಾತ್ರಿ ಕಳೆದು ಯುಗಾದಿಯ ಕಡೆ ದಿನಗಳು ಹೊರಳಿದವೆಂದರೆ ನನಗೆ ಎದೆ ಢವಢವ. ಅಟ್ಟದ ಪಾತ್ರೆಯೆಲ್ಲ ಇಳಿಸಿ ಹುಣಸೆಹುಳಿ ಹಚ್ಚಿ ಬೆಳಗಬೇಕು, ಗೋಡೆಗೆ ಸುಣ್ಣ ಬಳಿಯಬೇಕು, ಚಳಿಗೆ ಹೊದ್ದ ಕಂಬಳಿ ದುಪ್ಪಟಿ ಒಗೆಯಬೇಕು, ಸಾರಿನ ಪುಡಿಗೆ ಮೆಣಸಿನಕಾಯಿ ಒಣಹಾಕಬೇಕು. ನಮ್ಮ ಮನೆ ಮುಂದಿನ ಹೊಂಗೆಮರ ಹಳೆಯ ಎಲೆಯನ್ನೆಲ್ಲ ಉದುರಿಸಿ ಎಳೆ ಚಿಗುರು ಹೊದ್ದು ಫಳಫಳ ಅನ್ನುತ್ತಿರುತ್ತದೆ. ದಾರಿಯಲ್ಲಿ ಹೋಗುವವರು ನಿಂತು ಫೋನಿನಲ್ಲಿ ಅದರ ಫೋಟೊ ತೆಗೆಯುತ್ತಾರೆ. ಉದುರಿದ ಎಲೆಯ ಫೋಟೊ ಯಾರೂ ತೆಗೆಯುವುದಿಲ್ಲ. ಅದನ್ನು ಗುಡಿಸುವವಳು ನಾನು.

ಗಾಡಿಯವನನ್ನು ನಿಲ್ಲಿಸಿ ಚೀಲ ತರಲು ಒಳಗೆ ಹೊರಟಿದ್ದೆ. ಎದುರು ಮನೆಯ ಜಗಲಿಯ ಮೇಲೆ ಎಳೆಬಿಸಿಲಿಗೆ ಕೂತಿದ್ದ ರತ್ನಕ್ಕ ಕೇಳಿದರು. "ಏನಮ್ಮಾ, ಈ ಸಲ ಬಿಡಿಸಿರೋದೇ ತಗೊಂಬುಟ್ಯಾ?" ರತ್ನಕ್ಕ ನನ್ನ ಅತ್ತೆಯ ವಾರಿಗೆಯವರು, ಎಂಬತ್ತು ದಾಟಿದೆ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ಇವರು ಇನ್ನೂ ಬೀದಿಯ ಆಗುಹೋಗು ನೋಡಿಕೊಂಡು ಗಟ್ಟಿಯಾಗಿದ್ದಾರೆ.

"ಹೂಂ ರತ್ನಕ್ಕ. ನಮ್ಮತ್ತೆ ಕಾಲದಲ್ಲಿ ಬಿಡಿಸಿದ್ದೇ ಏಳು ಜನ್ಮಕ್ಕೆ ಸಾಕು" ಅಂದೆ.

ಆ ಮಾತಿನ ಹಿಂದೊಂದು ಕಥೆಯಿದೆ. ಮೂವತ್ತು ವರ್ಷದಿಂದ ನಾನು ಆ ಕಥೆಯನ್ನು ಹೇಳಿಕೊಂಡು ಬಂದಿದ್ದೇನೆ. ನನ್ನ ತಂಗಿಯರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಮದುವೆಯಾಗಿ ಬಂದ ಮೊದಲ ವಾರದಲ್ಲೇ ನನ್ನ ಸೊಸೆ ಪವಿತ್ರಳಿಗೆ. ನಿಮಗೂ ಮೊದಲು ನಾನು ಹೇಳುತ್ತಿದ್ದ ಹಾಗೆಯೇ ಹೇಳಿಬಿಡುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗುಲ ಹಳ್ಳಿ, ನೇಯ್ಗೆಯ ಮನೆ. ಮುಂದಿನ ಅಂಕಣದಲ್ಲಿ ಎರಡು ಪವರ್‌ಲೂಮು, ಹಿಂದಿನ ಅಂಕಣದಲ್ಲಿ ಸಂಸಾರ. ಕರೆಂಟಿನ ಮಗ್ಗ ತಾನೇ ನೇಯುತ್ತದೆಂದು ನೀವು ಅಂದುಕೊಂಡಿದ್ದರೆ ಒಂದು ದಿನ ಬಂದು ನೋಡಿ. ಅದು ಓಡುವಷ್ಟು ಹೊತ್ತೂ ಅದರ ಮುಂದೆ ಒಬ್ಬರು ನಿಂತಿರಲೇಬೇಕು. ಎಳೆ ಹರಿದರೆ ನಿಲ್ಲಿಸಿ ಗಂಟು ಹಾಕಬೇಕು, ಲಾಳಿಯಲ್ಲಿ ನೂಲು ಮುಗಿದರೆ ಬದಲಾಯಿಸಬೇಕು. ಒಂದು ಮಗ್ಗ ಮಾವನದು, ಇನ್ನೊಂದು ನನ್ನ ಗಂಡನದು. ಅವರು ಊಟಕ್ಕೆ, ಪೇಟೆಗೆ ಹೋದಾಗ ಅವು ಹೆಂಗಸರವು. ಗಂಡಸರಿಗೆ ಪೇಟೆಯಲ್ಲಿ ದಿನಾ ಒಂದಲ್ಲ ಒಂದು ಕೆಲಸ ಇರುತ್ತಿತ್ತು. ಅತ್ತೆ ಹೆರಿಗೆಯ ಹಿಂದಿನ ದಿನದವರೆಗೂ ಮಗ್ಗದ ಮುಂದೆ ನಿಂತಿದ್ದರೆಂದು ಮಾವ ಬಂದವರೆದುರು ಹೆಮ್ಮೆಯಿಂದ ಹೇಳುತ್ತಿದ್ದರು. ಆ ಮನೆಯಲ್ಲಿ ಸುಮ್ಮನೆ ಕೂತವರನ್ನು ನಾನು ಕಂಡಿಲ್ಲ.

ಮದುವೆಯಾದ ಮೂರನೆಯ ವರ್ಷ ನಾನು ಮತ್ತೆ ಬಸುರಿ. ಮತ್ತೆ ಅಂದೆ, ಏಕೆಂದರೆ ಹಿಂದಿನ ವರ್ಷದ್ದು ಮೂರನೇ ತಿಂಗಳಲ್ಲೇ ಹೋಗಿತ್ತು. ಆಸ್ಪತ್ರೆಯ ನರ್ಸಮ್ಮ ಈ ಸಲ ಗದರಿಸಿಯೇ ಹೇಳಿದ್ದಳು: "ಈ ತಿಂಗಳು ದಾಟೋವರ್ಗೂ ಜಾಸ್ತಿ ನಿಂತ್ಕೋಬೇಡ." ನಾನದನ್ನು ಮನೆಯಲ್ಲಿ ಹೇಳಿದೆ. ಮಾವ ಗೋಡೆಯ ಕಡೆ ನೋಡುತ್ತಾ "ನೋಡ್ಕೊಂಡು ಮಾಡ್ಲಿ" ಅಂದರು. ಮದುವೆ ಸೀಸನ್ನಿನ ರೇಷ್ಮೆ ಸೀರೆಗಳು ಮಗ್ಗದ ಮೇಲಿದ್ದವು. ಮಾರನೆಯ ದಿನ ಅತ್ತೆ ಹಿಂದಿನ ಅಂಕಣದ ನಡುವೆ ಒಂದು ಮೂಟೆ ಹುಣಸೆಹಣ್ಣು ಸುರಿದು, "ಬಾ, ಕೂತ್ಕೊ" ಅಂದರು.

ಹುಣಸೆಹಣ್ಣು ಬಿಡಿಸುವುದು ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಿಸಿಲಿಗೆ ಹಾಕಿದ ಕಾಯಿಯ ಓಡು ಒಡೆದು ತೆಗೆಯಬೇಕು. ಬೆನ್ನಿನ ನಾರು ಎಳೆಯಬೇಕು. ಕಲ್ಲಿನ ಮೇಲಿಟ್ಟು ಕುಟ್ಟಿ ಬೀಜ ಬಿಡಿಸಬೇಕು. ಆಮೇಲೆ ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಬೇಕು. ಮೊದಲ ದಿನ ಅದರ ವಾಸನೆಗೆ ಬಾಯಲ್ಲಿ ನೀರೂರುತ್ತದೆ, ಬಸುರಿಗಂತೂ ಕೇಳುವುದೇ ಬೇಡ. ಮೂರನೆಯ ದಿನಕ್ಕೆ ಬೆರಳ ಸಂದಿಯೆಲ್ಲ ಬಿರಿದು ಉರಿಯುತ್ತದೆ. ನಾಲ್ಕೈದು ಜನರ ಮನೆಗೆ ಮೂರು ನಾಲ್ಕು ದಿನದ ಕೆಲಸ. ಆದರೆ ಆ ವರ್ಷ ವಾರವಾದರೂ ರಾಶಿ ಕರಗಲಿಲ್ಲ. ಸಂಜೆ ನಾನು ನೋಡಿ ಮಲಗಿದ್ದಷ್ಟೇ ಎತ್ತರ ಬೆಳಿಗ್ಗೆಗೂ ಇರುತ್ತಿತ್ತು.

ಒಂಬತ್ತನೆಯ ದಿನವೋ ಹತ್ತನೆಯ ದಿನವೋ, ಬೇಗ ಎಚ್ಚರವಾಗಿ ಎದ್ದು ಬಂದೆ. ಅತ್ತೆ ರಾಗಿ ಡ್ರಮ್ಮಿನ ಹಿಂದಿನಿಂದ ಇನ್ನೊಂದು ಮೂಟೆ ಎಳೆದು ಸದ್ದಾಗದ ಹಾಗೆ ರಾಶಿಗೆ ಸುರಿಯುತ್ತಿದ್ದರು.

"ಇದೆಲ್ಲಿಂದ ಬಂತು?" ಅಂದೆ.

"ಇತ್ತು" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಬೆರಳು ನೋಡಿ. ನಿಮಗೆ ಸೊಸೆ ಬೇಕಿರ್ಲಿಲ್ಲ, ಆಳು ಬೇಕಿತ್ತು. ಬಸುರಿ ಅನ್ನೋ ಕರುಣೆನೂ ಇಲ್ವಲ್ಲ ನಿಮಗೆ!"

ಅತ್ತೆ ನನ್ನ ಬೆರಳು ನೋಡಿದರು. ಒಳಗೆ ಹೋಗಿ ಕೊಬ್ಬರಿ ಎಣ್ಣೆಯ ಬಟ್ಟಲು ತಂದು ನನ್ನ ಮುಂದಿಟ್ಟು, "ಹಚ್ಕೊ. ಕೂತ್ಕೊ. ಇನ್ನಷ್ಟೇ" ಅಂದರು. ಇನ್ನಷ್ಟೇ ಎಂದದ್ದು ಇನ್ನೂ ಎರಡು ವಾರ ನಡೆಯಿತು. ನಡುವೆ ಮಾವ ಬಾಗಿಲಲ್ಲಿ ನಿಂತು, "ಮಗ್ಗ ಖಾಲಿ ನಿಂತದೆ, ಒಬ್ಬರಾದರೂ ಬರ್ಬಾರ್ದಾ?" ಎಂದು ಕೂಗುವರು. ಅತ್ತೆ ತಲೆಯೆತ್ತದೆ, "ಇಬ್ಬರ ಕೈಯೂ ಹುಣಸೆಹಣ್ಣು. ರೇಷ್ಮೆಗೆ ಕಲೆ ಆದ್ರೆ ನೂಲು ಕೊಟ್ಟ ಸಾಹುಕಾರರಿಗೆ ನೀವೇ ಹೇಳ್ಕೊಳ್ಳಿ" ಅನ್ನುವರು. ಹುಳಿಸಾರಿಲ್ಲದೆ ಮುದ್ದೆ ಮುರಿಯದ ಮಾವ ಹುಣಸೆಹಣ್ಣಿಗೆ ಎದುರಾಡಲಾರದೆ ಹೊರಟುಹೋಗುವರು.

ಇದು ನನ್ನ ಕಥೆ. ಹೇಳುತ್ತಾ ಹೇಳುತ್ತಾ ನಾಲ್ಕು ಮೂಟೆ ಏಳಾಯಿತು, ಎಣ್ಣೆಯ ಬಟ್ಟಲು ಬಿಟ್ಟುಹೋಯಿತು. ಕೇಳಿದವರೆಲ್ಲ "ಅಯ್ಯೋ ಪಾಪ, ಎಂಥ ಅತ್ತೆ" ಅನ್ನುತ್ತಿದ್ದರು. ನನಗೆ ಹಾಯೆನಿಸುತ್ತಿತ್ತು. ಎಷ್ಟೋ ಸಲ ಅತ್ತೆ ಅಲ್ಲೇ ಗೋಡೆಗೊರಗಿ ಎಲೆಅಡಿಕೆ ಹಾಕಿಕೊಳ್ಳುತ್ತಾ ಕೇಳಿಸಿಕೊಂಡಿದ್ದಾರೆ. ಒಂದು ದಿನವೂ ಅಲ್ಲ ಅನ್ನಲಿಲ್ಲ. ತಪ್ಪು ಮಾಡಿದವರಿಗೆ ಬಾಯಿ ಎಲ್ಲಿಂದ ಬರಬೇಕು ಎಂದು ನಾನು ತಿಳಿದಿದ್ದೆ.

ಈಗ ಹೋದ ವಾರಕ್ಕೆ ಬನ್ನಿ. ನನ್ನ ಮಾತು ಕೇಳಿ ರತ್ನಕ್ಕ ಬೊಚ್ಚುಬಾಯಿ ಬಿಟ್ಟು ನಕ್ಕರು. "ನೀನು ಬಿಡಿಸಿದ್ರಲ್ಲಿ ಎರಡು ಮೂಟೆ ನಮ್ಮನೇದು ಕಣಮ್ಮ" ಅಂದರು.

ನನಗೆ ಅರ್ಥವಾಗಲಿಲ್ಲ.

"ನಿಮ್ಮತ್ತೆ ಬಂದು ಕೇಳಿದ್ಲು. ನಿಮ್ಮನೇ ಹುಣಸೆಹಣ್ಣು ಕೊಡು ರತ್ನಾ, ಬಿಡಿಸಿಕೊಡ್ತೀನಿ ಅಂತ. ಆಮೇಲೆ ಆ ಕೊನೇ ಮನೆಯೋರದ್ದೂ ತಂದ್ಲು. ನಾವು ಆ ವರ್ಷ ಒಂದು ಬೀಜ ತೆಗೀಲಿಲ್ಲ, ಜಾಡಿ ತುಂಬ್ಕೊಂಡ್ವಿ."

"ನಮ್ಮತ್ತೆಗೆ ಯಾಕೆ ಬೇಕಿತ್ತು ಊರೋರ ಹುಣಸೆಹಣ್ಣು?"

ರತ್ನಕ್ಕ ನನ್ನನ್ನೇ ನೋಡಿದರು. "ನಿನ್ನ ಕೂರಿಸೋಕೆ. ಹುಣಸೆಹಣ್ಣಿನ ಕೈಲಿ ರೇಷ್ಮೆ ಮುಟ್ಟೋ ಹಂಗಿಲ್ಲ, ಅದು ಮುಗಿಯೋವರ್ಗೂ ಮಗ್ಗಕ್ಕೆ ಕರೆಯೋ ಹಂಗಿಲ್ಲ. ನಿಂತೂ ನಿಂತೂ ಮೂರು ಕಳ್ಕೊಂಡೋಳು ಅವಳು. ನಿನ್ನ ಗಂಡ ನಾಲ್ಕನೇದು, ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಆ ಮನೆಯಲ್ಲಿ ಮೂವತ್ತು ವರ್ಷ ಉಂಡು, ಉಟ್ಟು, ಜಗಳವಾಡಿ ನನಗೆ ಗೊತ್ತಿರಲಿಲ್ಲ. "ನನಗಾದರೂ ಹೇಳ್ಬೋದಿತ್ತಲ್ಲ" ಅಂದೆ. ನನ್ನ ದನಿ ನನಗೇ ಸಣ್ಣ ಹುಡುಗಿಯ ದನಿಯಂತೆ ಕೇಳಿಸಿತು.

"ಹೇಳಿದ್ರೆ ಕೂರ್ತಿದ್ಯಾ ನೀನು? ಮಾವನ ಹತ್ರ ಒಳ್ಳೇ ಸೊಸೆ ಅನ್ನಿಸ್ಕೋಬೇಕು ಅಂತ ಓಡಿಹೋಗಿ ಮಗ್ಗದ ಮುಂದೆ ನಿಲ್ತಿದ್ದೆ. ನಿನ್ನ ನಾನು ನೋಡಿಲ್ವಾ!"

ಅದು ನಿಜ. ನಿಲ್ಲುತ್ತಿದ್ದೆ. ಗಾಡಿಯವನು ಹಾರನ್ ಹೊಡೆದ. ನಾನು ಏನೂ ಕೊಳ್ಳದೆ ಒಳಗೆ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟೆ. ತುಂಬಾ ಹೊತ್ತು ಅಳುತ್ತಿದ್ದೆ. ಆ ಇಪ್ಪತ್ತು ಚಿಲ್ಲರೆ ದಿನ ಕೂತು ಉಳಿಸಿಕೊಂಡ ಮಗುವೇ ನನ್ನ ಮಗ ಮಂಜು. ಅವನನ್ನು ಮಡಿಲಲ್ಲಿಟ್ಟುಕೊಂಡೇ ನಾನು ಆ ಕಥೆಯನ್ನು ಎಷ್ಟು ಸಲ ಹೇಳಿದ್ದೇನೆ. ಅತ್ತೆಯ ಎದುರು ಹೇಳಿದ ಒಂದೊಂದು ಸಲವೂ ಬೇರೆ ಬೇರೆಯಾಗಿ ನೆನಪಿಗೆ ಬಂತು. ಕ್ಷಮಿಸಿ ಅನ್ನೋಣವೆಂದರೆ ಗೋಡೆಯ ಮೇಲೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿಕೊಂಡ ಫೋಟೊ ಇದೆ, ಅಷ್ಟೇ.

ಸಂಜೆ ಏಳಕ್ಕೆ ಪವಿತ್ರ ಕೆಲಸದಿಂದ ಬಂದಳು. ಅವಳು ಗಾರ್ಮೆಂಟ್ಸಿನಲ್ಲಿ ಹೊಲಿದ ಬಟ್ಟೆ ಚೆಕ್ ಮಾಡುವವಳು. ಬೆಳಿಗ್ಗೆ ಎಂಟಕ್ಕೆ ವ್ಯಾನು ಹತ್ತಿದರೆ ಅಲ್ಲಿ ಇಡೀ ದಿನ ಟೇಬಲ್ಲಿನ ಮುಂದೆ ನಿಂತೇ ಕೆಲಸ. ಬಂದವಳು ದಿನವೂ ಚಪ್ಪಲಿ ಬಿಚ್ಚದೆ, ಹೆಗಲ ಬ್ಯಾಗು ಇಳಿಸದೆ, ಬಾಗಿಲ ಮೆಟ್ಟಿಲ ಮೇಲೆ ಹತ್ತು ನಿಮಿಷ ಕೂರುತ್ತಾಳೆ. ಆ ಹತ್ತು ನಿಮಿಷ ನಾನು ಒಳಗೆ ಪಾತ್ರೆಗಳನ್ನು ಬೇಕೆಂದೇ ಸದ್ದಾಗುವ ಹಾಗೆ ಜೋಡಿಸುತ್ತೇನೆ. ಎರಡು ಸಲ ಬಾಯಿಬಿಟ್ಟೂ ಅಂದಿದ್ದೇನೆ, ನಾವೆಲ್ಲ ಹೀಗೆ ಕೂತವರಲ್ಲ ಎಂದು. ಮಾವ ಹೋಗಿ ಎಷ್ಟೋ ವರ್ಷವಾಗಿದೆ, ಮಗ್ಗಗಳನ್ನೂ ಮಾರಿಯಾಗಿದೆ. ಆದರೂ ಬಾಗಿಲಲ್ಲಿ ನಿಂತು ಕೂಗುವ ಕೆಲಸವನ್ನು ನಾನು ಬಿಡದೆ ಮುಂದುವರಿಸಿದ್ದೆ. ಆ ಸಂಜೆ ಪಾತ್ರೆ ಮುಟ್ಟಲಿಲ್ಲ.

ಶನಿವಾರ ನನ್ನ ಗಂಡನನ್ನು ಕಳಿಸಿ ಒಂದು ಮೂಟೆ ಹುಣಸೆಹಣ್ಣು ತರಿಸಿದೆ, ಓಡಿನ ಸಮೇತ. "ಸೊಂಟ ಸೊಂಟ ಅಂತೀಯ, ನಿಂಗೇನು ತಲೆ ಕೆಟ್ಟಿದ್ಯಾ?" ಅಂದರು. ಭಾನುವಾರ ತಿಂಡಿಯಾದ ಮೇಲೆ ಅದನ್ನು ನಡುಮನೆಯಲ್ಲಿ ಸುರಿದು ಪವಿತ್ರಳನ್ನು ಕರೆದು ಕೂರಿಸಿದೆ. ಮಂಜುವಿಗೆ ಕೂಗಿ ಹೇಳಿದೆ: "ನಮ್ಮಿಬ್ಬರ ಕೈಯೂ ಹುಣಸೆಹಣ್ಣು. ಟೀ, ಅಡುಗೆ ಎಲ್ಲ ಇವತ್ತು ನೀನೇ ನೋಡ್ಕೋ." ಅವನು ಒಳಗಿನಿಂದ ಸಕ್ಕರೆ ಡಬ್ಬ ಎಲ್ಲಿ, ಟೀ ಪುಡಿ ಎಲ್ಲಿ ಎಂದು ಕೂಗುತ್ತಿದ್ದ.

ಪವಿತ್ರ ನಾಲ್ಕು ಕಾಯಿ ಒಡೆದಳು. ಐದನೆಯದನ್ನು ಕೈಯಲ್ಲಿ ಹಿಡಿದು ರಾಶಿಯನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. "ಇಷ್ಟೊಂದು ಯಾಕೆ ತರಿಸಿದ್ರಿ ಅತ್ತೆ? ನಂಗೆ ಇರೋದೇ ಒಂದು ಭಾನುವಾರ. ನಿಮ್ಮತ್ತೆ ನಿಮ್ಗೆ ಮಾಡಿದ್ದನ್ನೇ ನಂಗೂ ಮಾಡ್ತೀರಾ?"

ಹೌದಲ್ಲ ಎಂದುಕೊಂಡು ನನಗೆ ನಗುವೂ ಬಂತು, ಅಳುವೂ ಬಂತು. ಅತ್ತೆಯಾಗಿದ್ದರೆ "ಇನ್ನಷ್ಟೇ" ಎಂದು ಸುಮ್ಮನಾಗಿರುತ್ತಿದ್ದರು. ನನಗೆ ಅವರಷ್ಟು ತಾಳ್ಮೆಯಿಲ್ಲ; ಇನ್ನು ಮೂವತ್ತು ವರ್ಷ ಕಾಯಲು ಆಯಸ್ಸೂ ಇಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ರತ್ನಕ್ಕನ ಮೂಟೆ, ನರ್ಸಮ್ಮನ ಮಾತು, ರೇಷ್ಮೆಯ ಕಲೆ, ನಾನು ಬಿಟ್ಟುಬಿಟ್ಟಿದ್ದ ಎಣ್ಣೆಯ ಬಟ್ಟಲು. ಕೊನೆಗೆ, "ನಿನ್ನ ಒಂದು ದಿನ ಕೂರಿಸೋಣ ಅಂತ ತರಿಸಿದೆ ಕಣಮ್ಮ" ಅಂದೆ.

ಪವಿತ್ರ ಕೈಲಿದ್ದ ಕಾಯಿಯನ್ನು ರಾಶಿಗೆ ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅಷ್ಟಕ್ಕೆ ಒಂದು ಮೂಟೆ ಹುಣಸೆಹಣ್ಣು ಬೇಕಿತ್ತಾ ಅತ್ತೆ? ಸುಮ್ನೆ ಕೂತ್ಕೋ ಅಂದಿದ್ರೆ ಕೂತ್ಕೋತಿದ್ದೆ."

ಅವಳು ಮೊರವನ್ನು ಅತ್ತ ಸರಿಸಿ, ಕೈ ತೊಳೆದು ಬಂದು, ಗೋಡೆಗೊರಗಿ ಕಾಲು ಚಾಚಿದಳು. ಹಿಮ್ಮಡಿಗಳು ಬಿರುಕುಬಿಟ್ಟಿದ್ದವು, ನಾನು ಅದನ್ನು ಇಷ್ಟು ದಿನ ನೋಡಿರಲಿಲ್ಲ. "ನೀವೂ ಕೈ ತೊಳ್ಕೊಂಡು ಬನ್ನಿ" ಅಂದಳು. ತೊಳೆದುಕೊಂಡು ಬಂದು ಅವಳ ಪಕ್ಕ ಕೂತೆ. ಹೊರಗೆ ಹೊಂಗೆಮರ ಆಗಷ್ಟೇ ಗುಡಿಸಿದ್ದ ಅಂಗಳಕ್ಕೆ ಮತ್ತೆ ಎಲೆ ಉದುರಿಸುತ್ತಿತ್ತು. ಮಂಜು ತಂದ ಟೀಯಲ್ಲಿ ಸಕ್ಕರೆ ಹೆಚ್ಚಾಗಿತ್ತು, ಇಬ್ಬರೂ ಕುಡಿದೆವು.

ಲೋಟ ಕೆಳಗಿಟ್ಟ ಮೇಲೆ ಕೈಗಳನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಮಡಿಲಲ್ಲಿಟ್ಟುಕೊಂಡೆ. ಸೆರಗು ಸರಿಮಾಡಿಕೊಂಡೆ. ನನಗೇ ಗೊತ್ತಿಲ್ಲದೆ ಬಲಗೈ ಮೆಲ್ಲನೆ ರಾಶಿಯ ಕಡೆ ಹೋಗಿ ಒಂದು ಕಾಯಿ ಎತ್ತಿಕೊಂಡಿತು.

"ಅತ್ತೆ" ಅಂದಳು ಪವಿತ್ರ, ಮುಚ್ಚಿದ ಕಣ್ಣು ಬಿಡದೆ.

ಕಾಯಿಯನ್ನು ಸದ್ದಾಗದ ಹಾಗೆ ವಾಪಸ್ಸು ಇಟ್ಟೆ.