ಬಿಟ್ಟಿದ್ದರ ಪಟ್ಟಿ

ಕಳೆದ ವಾರ ಅಂಗಡಿಯ ಜೆರಾಕ್ಸ್ ಮೆಷಿನ್ ಸರಿಸಿ ಗುಡಿಸುವಾಗ ಕಪಾಟಿನ ಹಿಂದೆ ಒಂಬತ್ತು ಹಾಳೆ ಸಿಕ್ಕಿದವು. ಅಂಚನ್ನೆಲ್ಲ ಹುಳ ತಿಂದಿತ್ತು. ಥಂಡಿ ಹಿಡಿದ ಕಾಗದಕ್ಕೆ ಒಂದು ವಾಸನೆ ಇರುತ್ತದಲ್ಲ, ಒದ್ದೆ ಗೋಣಿಚೀಲದ್ದು... ಆ ವಾಸನೆಯ ಜೊತೆಗೇ ಸಾರ್ಟರ್ ಮಾಮ ಬಂದು ಎದುರಿನ ಕುರ್ಚಿಯಲ್ಲಿ ಕೂತ ಹಾಗಾಯಿತು. ಪೊರಕೆ ಕೆಳಗಿಟ್ಟು ನಾನೂ ಕೂತೆ. ಈಚೆಗೆ ಒಮ್ಮೆ ಕೂತರೆ ಏಳುವುದು ತಡ.

ಅವರು ನನಗೆ ನೆಂಟರಲ್ಲ. ರೈಲ್ವೆ ಅಂಚೆಯಲ್ಲಿ ಕಾಗದ ವಿಂಗಡಿಸುತ್ತಿದ್ದು ನಿವೃತ್ತರಾದವರು. ಸಾಗರದ ನಮ್ಮ ಬೀದಿಗೆಲ್ಲ ಅವರು ಸಾರ್ಟರ್ ಮಾಮ. ನನ್ನ ಅಂಗಡಿಯಲ್ಲಿ ಟೈಪಿಂಗು, ಜೆರಾಕ್ಸು, ಅರ್ಜಿ ತುಂಬಿಸುವ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಕಂಪ್ಯೂಟರ್ ಖಾಲಿ ಇರುತ್ತಿತ್ತು. ಅದರ ಮುಂದೆ ಕೂತು, ಕಂದು ರಟ್ಟು ಹಾಕಿದ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಪ್ರೋಗ್ರಾಮಿಂಗ್ ಕಲಿಯುತ್ತಿದ್ದರು. ಈ ವಯಸ್ಸಿಗೆ ಇದೆಂತಕ್ಕೆ ಮಾಮ ಎಂದು ನಾನು ನಕ್ಕಿದ್ದೆ.

"ನಗು ಮಾರಾಯ್ತಿ, ನಗು. ನನ್ನ ಜನ್ಮ ಕಳೆದದ್ದೇ ಇದ್ರಲ್ಲಿ. ಇದು ಈ ಚೀಲಕ್ಕೆ, ಅದು ಆ ಚೀಲಕ್ಕೆ. ಫೈಲಿಗೂ ಒಂದು ವಿಳಾಸ ಇರ್ತದೆ, ನೋಡ್ಕಂಡು ಎಸೆಯೋದಪ್ಪ."

ಹಾಗೆ ಎರಡು ಮಳೆಗಾಲ ಕೂತು ಒಂದು ಸಣ್ಣ ಲೈಬ್ರರಿ ಬರೆದರು. ಲೈಬ್ರರಿ ಎಂದರೆ ಬೇರೆಯವರ ಪ್ರೋಗ್ರಾಮುಗಳೂ ಎತ್ತಿ ಬಳಸಬಹುದಾದ ಸಿದ್ಧ ಕೋಡು. ಅದರ ಕೆಲಸ ಇಷ್ಟೇ. ಸಾವಿರಾರು ಫೈಲುಗಳ ವಿಳಾಸ ಕೊಟ್ಟು, ಜೊತೆಗೆ 'ತಗೋ', 'ಬಿಡು' ಎಂಬ ಸಾಲುಗಳನ್ನು ಬರೆದುಕೊಟ್ಟರೆ, ಯಾವುದನ್ನು ತಗೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತಿತ್ತು. ಎರಡು ಸಾಲಿಗೆ ಜಗಳ ಬಿದ್ದರೆ ಕೆಳಗಿನ ಸಾಲಿನ ಮಾತೇ ನಡೆಯುವುದು. ಕೊನೆಗೆ ಬಿಟ್ಟ ಫೈಲುಗಳ ಪಟ್ಟಿ ಪ್ರಿಂಟಾಗುತ್ತಿತ್ತು. ಅದನ್ನು ಅವರು ಬೆರಳಿಟ್ಟು ಒಂದೊಂದಾಗಿ ಓದುತ್ತಿದ್ದರು. ಕಣ್ಣು ಮಂಜಾದ ಮೇಲೆ ನಾನು ಓದುತ್ತಿದ್ದೆ. ತಗೊಂಡಿದ್ದನ್ನು ಓದಲು ಯಾವತ್ತೂ ಹೇಳಲಿಲ್ಲ. "ಅದು ಹೆಂಗೂ ಕಣ್ಣೆದುರಿಗೆ ಇರ್ತದೆ. ಬಿಟ್ಟಿದ್ದು ಓದು" ಎನ್ನುತ್ತಿದ್ದರು.

ಅಷ್ಟೊಂದು ಫೈಲು ಅವರಿಗೆ ಎಲ್ಲಿಂದ ಬಂತು ಎಂದರೆ, ಅವು ದನಿಗಳು. ಅಣೆಕಟ್ಟಿನ ನೀರಿಗೆ ಊರು ಬಿಟ್ಟುಕೊಟ್ಟು ಎದ್ದು ಬಂದ ಮುದುಕ ಮುದುಕಿಯರನ್ನು ಹುಡುಕಿಕೊಂಡು ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಹಳೇ ಮನೆಗೆ ಕಾಗದ ಕೊಡಲಿಕ್ಕೆ ಹೋಗಬೇಕು ಅಂದ್ರೆ ನಾನು ಹೆಂಗೆ ಬರಬೇಕು? ಅವರು ದಾರಿ ಹೇಳುತ್ತಾ ಹೋಗುತ್ತಿದ್ದರು, ಇವರು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಆ ಜನ ಈಗ ಎಲ್ಲಿ ನೆಲೆಸಿದ್ದಾರೋ ಆ ತಾಲ್ಲೂಕಿನ ಹೆಸರಲ್ಲಿ ಮೂರು ಫೋಲ್ಡರು, ಸಾಗರ, ಹೊಸನಗರ, ತೀರ್ಥಹಳ್ಳಿ. ಪ್ರತಿಯೊಂದರ ಒಳಗೂ 'ಕಚ್ಚಾ' ಎಂದು ಇನ್ನೊಂದು. ಕಚ್ಚಾ ಎಂದರೆ ದನದ ಕೂಗು, ಮಿಕ್ಸಿ ಸದ್ದು ಎಲ್ಲ ಸೇರಿದ ಮೊದಲ ರೆಕಾರ್ಡು. ಅದನ್ನು ಅವರೇ ಕೂತು ಶುದ್ಧ ಮಾಡಿ ಹೊರಗಿನ ಫೋಲ್ಡರಿಗೆ ಹಾಕುತ್ತಿದ್ದರು. ಸಾಗರ, ತೀರ್ಥಹಳ್ಳಿಯದು ಮುಗಿದಿತ್ತು. ಹೊಸನಗರದ ಹನ್ನೊಂದು ಜನರದ್ದು ಇನ್ನೂ ಕಚ್ಚಾದಲ್ಲೇ ಇತ್ತು.

ಅಂಗಡಿಗೆ ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡುವುದಿತ್ತು. ಮಾಮ ಕಣ್ಣಿನ ಆಪರೇಷನ್ನಿಗೆ ಹೋಗಿದ್ದರು. ಹೋಗುವ ಮೊದಲು, ಹೊಸದಕ್ಕೆ ಕಾಪಿ ಮಾಡಲು ಮೂರು ಸಾಲು ಬರೆದಿಟ್ಟಿದ್ದರು. ಎಲ್ಲಾ ತಗೋ. ಕಚ್ಚಾ ಬಿಡು. ಹೊಸನಗರದ ಕಚ್ಚಾ ತಗೋ.

ನನಗೊಂದು ಅಭ್ಯಾಸ. ಲೋಟದ ಜೊತೆ ಲೋಟ, ತಟ್ಟೆಯ ಜೊತೆ ತಟ್ಟೆ ಇರಬೇಕು. ಅರ್ಜಿಗಳನ್ನೂ ಹಾಗೇ ಜೋಡಿಸುವವಳು ನಾನು. ತಗೋ, ಬಿಡು, ತಗೋ ಎಂದು ಹಿಂದೆ ಮುಂದೆ ಆಗಿದ್ದ ಸಾಲು ಕಣ್ಣಿಗೆ ಹಿಡಿಸಲಿಲ್ಲ. ಎರಡು 'ತಗೋ'ವನ್ನೂ ಮೇಲೆ ಇಟ್ಟು, 'ಬಿಡು'ವನ್ನು ಕೆಳಗೆ ಹಾಕಿದೆ. ಒಂದಕ್ಷರ ಅಳಿಸಲಿಲ್ಲ, ಸೇರಿಸಲಿಲ್ಲ. ಓರಣ ಮಾಡಿದೆ, ಅಷ್ಟೇ. ಕಾಪಿ ಆಯಿತು. ಒಂಬತ್ತು ಹಾಳೆ ಪ್ರಿಂಟಾಗಿ ಬಂತು. ಅವತ್ತು ಕಾಲೇಜಿನ ಅರ್ಜಿಗೆ ಕೊನೇ ದಿನ, ಬಾಗಿಲವರೆಗೂ ಜನ. ಆಮೇಲೆ ಓದಿದರಾಯಿತು ಎಂದು ಹಾಳೆಗಳನ್ನು ಕಪಾಟಿನ ಮೇಲಿಟ್ಟೆ. ಸಂಜೆ ಹಳೇ ಕಂಪ್ಯೂಟರ್ ಆಟೋ ಹತ್ತಿತು.

ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಮಾಮ ಹೊಸ ಕನ್ನಡಕ ಹಾಕಿಕೊಂಡು ಬಂದು ಹೊಸನಗರ ತೆಗೆದರು. ಒಳಗೆ ಏನೂ ಇರಲಿಲ್ಲ. ಮೂರು ಸಾಲನ್ನು ತೆಗೆದು ನೋಡಿದರು. ನಾನು ಕೆಳಗೆ ಹಾಕಿದ್ದ 'ಬಿಡು' ಹೊಸನಗರದ ಕಚ್ಚಾವನ್ನೂ ಬಿಟ್ಟಿತ್ತು. ನನ್ನ ಮುಖ ನೋಡಲಿಲ್ಲ. ಹಳೇ ಡಿಸ್ಕು ಅಷ್ಟು ಹೊತ್ತಿಗೆ ಅಳಿಸಿ ಯಾರಿಗೋ ಮಾರಾಟವಾಗಿತ್ತು.

"ಬೈಯಿರಿ ಮಾಮ" ಎಂದೆ.

"ಬೈದ್ರೆ ಬರ್ತದನಾ?" ಎಂದರು. ಎದ್ದು ನಿಂತು, "ನಾಳೆ ಹೊಸನಗರಕ್ಕೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ?"

ಅಂಗಡಿ ಮುಚ್ಚಿ ನಾನೂ ಹೋದೆ. ಒಂದು ದಿನಕ್ಕೆ ಮುಗಿಯುವ ಕೆಲಸವಾಗಿರಲಿಲ್ಲ. ಬಸ್ಸಿಳಿದು, ನಡೆದು, ಕೇಳಿ, ಮತ್ತೆ ಬಸ್ಸು ಕಾದು... ಮೂರು ಸಲ ಹೋದೆವು. ಹನ್ನೊಂದರಲ್ಲಿ ಒಂಬತ್ತು ಜನ ಇರಲಿಲ್ಲ. ಒಂದು ಮನೆಯಲ್ಲಿ ಫೋಟೋಕ್ಕೆ ಹಾಕಿದ ಹಾರ ಇನ್ನೂ ಒಣಗಿರಲಿಲ್ಲ. ಇದ್ದ ಇಬ್ಬರಲ್ಲಿ ಒಬ್ಬ ಅಜ್ಜನಿಗೆ ಮಾತು ಬಿದ್ದುಹೋಗಿತ್ತು. ಕಡೆಗೆ ಉಳಿದದ್ದು ಒಬ್ಬ ಅಜ್ಜಿ. ಜಗಲಿಯಲ್ಲಿ ಕಾಲು ಚಾಚಿ ಕೂತು ಹುರುಳಿ ಆರಿಸುತ್ತಿದ್ದರು.

"ಅವತ್ತೇ ಹೇಳಿದ್ನಲ್ಲ ಮಾರಾಯ್ರಾ. ಮರ್ತ್ಕಂಡ್ರಾ?"

"ನಾನು ಮರ್ತೆ ಅಜ್ಜಿ. ಇನ್ನೊಂದ್ಸಲ ಹೇಳಿ" ಎಂದರು ಮಾಮ.

"ಅಂಚೆಯವ್ರು ದಾರಿ ಮರ್ತ್ರೆ ಆತು ಬಿಡಿ" ಎಂದು ಅಜ್ಜಿ ನಕ್ಕರು. ಶುರು ಮಾಡಿದರು. ಹಳ್ಳದ ಮೇಲಿನ ಸಂಕ ದಾಟಿ, ಹಲಸಿನ ಮರದ ಹತ್ತಿರ ಎಡಕ್ಕೆ... ಅಲ್ಲಿ ನಿಂತರು. ಮತ್ತೆ ಸಂಕದಿಂದ ಶುರು ಮಾಡಿದರು. ಹಲಸಿನ ಮರದ ಹತ್ತಿರ ಮತ್ತೆ ನಿಂತರು. ಹುರುಳಿಯ ಮೇಲೆ ಆಡುತ್ತಿದ್ದ ಕೈಯೂ ನಿಂತಿತು. "ಅಲ್ಲಿಂದಾಚೆ ಗೊತ್ತಾಗ್ತಿಲ್ಲೆ" ಎಂದರು. ಮೊದಲ ಸಲ ಮುಕ್ಕಾಲು ಗಂಟೆ ಹೇಳಿದ್ದರಂತೆ. ದಾರಿಯ ಮನೆಗಳು, ಆ ಮನೆಯ ನಾಯಿಗಳ ಹೆಸರು ಸಹಿತ. ಈ ಸಲ ನಾಲ್ಕು ನಿಮಿಷ.

ವಾಪಸ್ ಬರುವಾಗ ಬಸ್ಸಿನಲ್ಲಿ, ಊರು ಹತ್ತಿರವಾದಾಗ ಮಾಮ, "ಸಾಲು ಹಿಂದೆ ಮುಂದೆ ಆದ್ರೆ ಅರ್ಥ ಬದಲಾಗ್ತದೆ ಅಂತ ನಾನು ಎಲ್ಲೂ ಬರೆದಿರ್ಲಿಲ್ಲ. ನಂಗೆ ಗೊತ್ತಿತ್ತು, ಹಂಗಾಗಿ ಎಲ್ಲರಿಗೂ ಗೊತ್ತಿರ್ತದೆ ಅಂದ್ಕಂಡಿದ್ದೆ" ಎಂದರು. ನನ್ನ ತಪ್ಪಿನ ಭಾರಕ್ಕೆ ಅವರೂ ಒಂದು ಕೈ ಕೊಟ್ಟ ಹಾಗಿತ್ತು. ಭಾರವೇನೂ ಕಡಿಮೆಯಾಗಲಿಲ್ಲ.

ಮರುದಿನವೇ ಬಂದು ಕೂತು ಲೈಬ್ರರಿ ತಿದ್ದಿದರು. ಆಮೇಲೆ ಅದು ಬಿಟ್ಟ ಫೈಲುಗಳನ್ನು ತೋರಿಸಿ, ಸರಿಯೇ ಎಂದು ಕೇಳಿ, ಹೂಂ ಎನ್ನುವವರೆಗೆ ಮುಂದೆ ಹೋಗುತ್ತಿರಲಿಲ್ಲ. ಅವರು ಕೊನೆಯದಾಗಿ ಬರೆದದ್ದು ಅದೇ. ಮುಂದಿನ ವರ್ಷ ತೀರ್ಥಹಳ್ಳಿಯ ಮಗಳ ಮನೆಗೆ ಹೋದರು, ಅಲ್ಲೇ ತೀರಿಕೊಂಡರು. ಸುದ್ದಿ ನನಗೆ ತಡವಾಗಿ ತಿಳಿಯಿತು. ಹೋಗಲಾಗಲಿಲ್ಲ.

ಮೊನ್ನೆ ಸೋಮವಾರ ಆ ಅಜ್ಜಿಯ ಮಗಳು ಅಂಗಡಿಗೆ ಬಂದಿದ್ದರು. ನನ್ನದೇ ವಯಸ್ಸು. ಅಜ್ಜಿ ಹೋಗಿ ವರ್ಷವಾಯಿತಂತೆ. "ಅಬ್ಬೆ ಮಾತಾಡಿದ್ದು ನಿಮ್ಮತ್ರ ಇದೆ ಅಂದ್ರು" ಎಂದರು. ಹಾಕಿ ಕೊಟ್ಟೆ. ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೇಳಿದರು. ಸಂಕ, ಹಲಸಿನ ಮರ, ಮತ್ತೆ ಸಂಕ. ಮುಗಿಯಿತು.

"ಇಷ್ಟೇಯಾ?"

ಇಷ್ಟೇ ಎಂದುಬಿಡಬಹುದಿತ್ತು. ಬಾಯಿತನಕ ಬಂದಿತ್ತು ಕೂಡ. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಇನ್ನೂ ಉದ್ದ ಇತ್ತು. ನಿಮ್ಮ ಮನೆ ಬಾಗಿಲ ತನಕ ಹೇಳಿದ್ರು. ನನ್ನ ಕೈಯಿಂದ ಹೋಯ್ತು" ಎಂದೆ.

ಹೊರಗೆ ಬಸ್ಸಿನವನು ಹೊಸನಗರ, ಹೊಸನಗರ ಎಂದು ಕೂಗುತ್ತಿದ್ದ. ಅವರು ಹತ್ತಬೇಕಾದ ಬಸ್ಸು ಅದು. ಎದ್ದವರು ಮತ್ತೆ ಕೂತರು.

"ಹೋಗ್ಲಿ. ಇನ್ನೊಂದ್ಸಲ ಹಾಕಿ."

ಹಾಕಿದೆ.